ಶೂ ಒಳಗಿನ ಫೋನು

ಕಳೆದ ಶನಿವಾರ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಗೆಳೆಯನೊಬ್ಬನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ನನ್ನ ಎಡಗಾಲಿನ ಶೂ ರಿಂಗಾಯಿತು. ಶೂ ಇದ್ದದ್ದು ಬಾಗಿಲ ಹೊರಗೆ, ಉಳಿದ ಅತಿಥಿಗಳ ಚಪ್ಪಲಿಗಳ ನಡುವೆ. ನನ್ನ ಬಲಗೈ ಇದ್ದದ್ದು ಬಂಗುಡೆ ಸಾರಿನಲ್ಲಿ. ಎಂಟು ಜನ ಒಮ್ಮೆಗೇ ತಿನ್ನುವುದು ನಿಲ್ಲಿಸಿದರು.

"ಫೆಲಿಕ್ಸ್, ನಿನ್ನ ಶೂ ಕರೀತಾ ಉಂಟು" ಎಂದ ಗೆಳೆಯ, ಬಹಳ ಮರ್ಯಾದೆಯಿಂದ.

ನಾನು ಎದ್ದು ಹೋಗಿ, ಎಡಗೈಯಲ್ಲಿ ಶೂ ಒಳಗಿಂದ ಫೋನು ತೆಗೆದು, ಎರಡು ಮಾತಾಡಿ, ಅದನ್ನು ಮತ್ತೆ ಶೂ ಒಳಗೇ ಇಟ್ಟು ಬಂದು ಕುಳಿತೆ. ಮಾತಾಡಿದ್ದು ಯಾರು, ಹೇಳಿದ್ದು ಏನು ಎಂಬುದನ್ನು ಈಗಲೇ ಹೇಳಿದರೆ ನೀವು ಇಲ್ಲಿಂದಲೇ ಎದ್ದು ಹೋಗುತ್ತೀರಿ. ಅದು ಕೊನೆಗಿರಲಿ.

ಊಟದ ಹೊತ್ತಿನಲ್ಲಿ ಫೋನನ್ನು ಶೂ ಒಳಗೆ ಇಡುವ ಈ ಅಭ್ಯಾಸಕ್ಕೆ ನಾನು ಈವರೆಗೆ ಹಲವು ಕಾರಣ ಕೊಟ್ಟಿದ್ದೇನೆ. ಒಬ್ಬರಿಗೆ, ಡಾಕ್ಟರು ಹೇಳಿದ್ದಾರೆ ಎಂದೆ. ಇನ್ನೊಬ್ಬರಿಗೆ, ಕಳ್ಳರು ಶೂ ಒಳಗೆ ಕೈ ಹಾಕುವುದಿಲ್ಲ ಎಂದೆ; ಅವರು ನನ್ನ ಶೂವನ್ನು ಒಮ್ಮೆ ನೋಡಿ ಒಪ್ಪಿದರು. ನಿಜವಾದ ಕಾರಣ ಇದು, ಎಂದು ಹೇಳಲು ಹೊರಟರೆ ನನಗೇ ಸ್ವಲ್ಪ ಅಳುಕು. ನಾನು ತೂಗುದೀಪಗಳ ಶೋರೂಮಿನಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ದೊಡ್ಡ ತೂಗುದೀಪವೊಂದನ್ನು ಬಿಚ್ಚಿ ಇನ್ನೊಂದು ಕಡೆ ಜೋಡಿಸಿದಾಗ ಎಲ್ಲ ಬಲ್ಬೂ ಚೆನ್ನಾಗಿಯೇ ಉರಿಯುತ್ತವೆ, ಆದರೆ ನೆಲದ ಮೇಲೆ ನಾಲ್ಕು ಸ್ಕ್ರೂ ಉಳಿದಿರುತ್ತವೆ. ನನ್ನ ನೆನಪುಗಳೂ ಹಾಗೆ. ಉರಿಯುವುದನ್ನು ನೀವು ನೋಡಿ; ಸ್ಕ್ರೂಗಳನ್ನು ನನ್ನ ಹೆಂಡತಿ ಲವೀನಾ ಹೆಕ್ಕಿ ಇಟ್ಟುಕೊಂಡಿದ್ದಾಳೆ.

ಲವೀನಾ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಅಲ್ಲಿನ ನರ್ಸೊಬ್ಬಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ದುಬೈ ಬಿಟ್ಟು ಹೋಗುವವರು ಏನಾದರೊಂದನ್ನು ಹಿಂದೆ ಬಿಟ್ಟೇ ಹೋಗುತ್ತಾರೆ: ಇಸ್ತ್ರಿಪೆಟ್ಟಿಗೆ, ಅರ್ಧ ಬಾಟಲಿ ಫಿನಾಯಿಲ್, ಬಾಡಿದ ಮನಿಪ್ಲಾಂಟು. ಆ ನರ್ಸು ಬಿಟ್ಟುಹೋದದ್ದು ಒಂದು ರಟ್ಟಿನ ಪೆಟ್ಟಿಗೆ ತುಂಬ ಇಂಗ್ಲಿಷ್ ಕಾದಂಬರಿ. ಹನ್ನೊಂದು ಇದ್ದವು. (ಒಂಬತ್ತು, ಎನ್ನುತ್ತಾಳೆ ಲವೀನಾ.) ಎಲ್ಲದರ ಮುಖಪುಟದಲ್ಲೂ ಬಿಳಿ ಟೊಪ್ಪಿಗೆಯ ಹೆಂಗಸೊಬ್ಬಳು ಗೋಧಿ ಗದ್ದೆಯ ಮುಂದೆ ನಿಂತು ಎಡಕ್ಕೆ ನೋಡುತ್ತಿದ್ದಳು.

ಅಮೆರಿಕದಲ್ಲಿ ಅಮಿಶ್ ಎಂಬ ಜನ ಇದ್ದಾರೆ. ಮನೆಗೆ ಕರೆಂಟು ಬೇಡ, ಕಾರು ಬೇಡ, ಟೀವಿ ಬೇಡ ಎನ್ನುವ, ಕುದುರೆ ಗಾಡಿಯಲ್ಲಿ ಓಡಾಡುವ ಕ್ರೈಸ್ತರು. ಗಂಡಸರು ಗಡ್ಡ ಬಿಟ್ಟು ಮೀಸೆ ಬೋಳಿಸುತ್ತಾರೆ. ಆ ಹನ್ನೊಂದು (ಅಥವಾ ಒಂಬತ್ತು) ಪುಸ್ತಕಗಳಲ್ಲೂ ನಗರದ ಹುಡುಗಿಯೊಬ್ಬಳು ಇವರ ನಡುವೆ ಬಂದು ಸಿಕ್ಕಿಬೀಳುತ್ತಾಳೆ. ಮೊದಲನೇ ಅಧ್ಯಾಯದಲ್ಲಿ ಅವಳ ಕಾರು ಕೆಡುತ್ತದೆ. ಎರಡನೆಯದರಲ್ಲಿ ಕುದುರೆ ಗಾಡಿ ಬರುತ್ತದೆ. ಆರರಲ್ಲಿ ಹಾಲಿನ ಪಾತ್ರೆ ಚೆಲ್ಲುತ್ತಾಳೆ, ಹತ್ತರಲ್ಲಿ ಹಿಟ್ಟು ನಾದುತ್ತ ಅಳುತ್ತಾಳೆ. ಕೊನೆಯಲ್ಲಿ ಕಾರು ರಿಪೇರಿಯಾಗಿ ಬರುತ್ತದೆ, ಅವಳು ಹೋಗುವುದಿಲ್ಲ.

ಈ ಕಥೆಯನ್ನು ನಾನು ಎದುರು ಮನೆಯ ಹಮೀದಾಕನಿಗೆ ಹೇಳಿದ್ದೆ. ಹಮೀದಾಕ ಉಳ್ಳಾಲದ ಬ್ಯಾರಿ, ರಾಸ್ ಅಲ್ ಖೋರ್‌ನಲ್ಲಿ ಹಳೆಯ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವರು. ನಮ್ಮೂರ ಕಡೆ ಕ್ರೈಸ್ತರನ್ನು ಸಲಿಗೆಯಿಂದ ಕರೆಯುವ ಹಾಗೆ ನನ್ನನ್ನು ಪೊರ್ಬು ಎಂದೇ ಕರೆಯುತ್ತಾರೆ.

"ಯಾವ ಕಾರು ಪೊರ್ಬುಗಳೇ ಅದು?"

"ಅದು ಬರೆದಿಲ್ಲ."

"ಅಷ್ಟು ತಿಂಗಳು ಎಂತ ರಿಪೇರಿ ಮಾರಾಯ್ರೆ? ನನ್ಹತ್ರ ಹೇಳಿದ್ರೆ ಅರ್ಧ ಗಂಟೆಯಲ್ಲಿ ಪಾರ್ಟ್ ಕೊಡ್ತಿದ್ದೆ. ಪಾಪ, ಆ ಹುಡುಗಿ ಮನೆಗೆ ಹೋಗ್ತಿದ್ಲು."

ಲವೀನಾ ಆ ಪುಸ್ತಕಗಳನ್ನು ಒಂದರ ಮೇಲೊಂದು ಓದಿದಳು. ಐದನೆಯದು ಮುಗಿದ ದಿನ ದುಬೈಯ ನೈಫ್ ಬಡಾವಣೆಯಲ್ಲಿದ್ದ ನಮ್ಮ ಏಳನೇ ಮಹಡಿಯ ಮನೆಯ ಹಾಲಿನಲ್ಲಿ ನಿಂತು ಸುತ್ತ ನೋಡಿದಳು. ನಾನು ಸೋಫಾದಲ್ಲಿ ಫೋನು ನೋಡುತ್ತಿದ್ದೆ. ಹದಿಮೂರು ವರ್ಷದ ಮಗಳು ರೀವಾ ನೆಲದಲ್ಲಿ ಕುಳಿತು ಫೋನು ನೋಡುತ್ತಿದ್ದಳು.

"ಈ ಮನೆಯಲ್ಲಿ ಮೂರು ಜನ ಇಲ್ಲ" ಎಂದಳು ಲವೀನಾ. "ಮೂರು ಚಾರ್ಜರ್ ಉಂಟು, ಅಷ್ಟೇ."

ನಾನು ನಕ್ಕೆ. ಅದು ತಪ್ಪಾಯಿತು. ರೀವಾ ತಲೆ ಎತ್ತಲೇ ಇಲ್ಲ. ಅದು ಇನ್ನೂ ದೊಡ್ಡ ತಪ್ಪಾಯಿತು.

ಮರುದಿನವೇ ತೀರ್ಮಾನ ಹೊರಬಿತ್ತು. ಜೂನ್‌ನಲ್ಲಿ ರೀವಾಳನ್ನು ಮಂಗಳೂರಿಗೆ, ನನ್ನ ಅಕ್ಕ ಜೂಲಿಯೆಟ್ ಮನೆಗೆ ಕಳಿಸುವುದು, ಅಲ್ಲೇ ಓದುವುದು. "ಅಲ್ಲಿ ಸಿಂಪಲ್ ಲೈಫ್. ಸಂಜೆ ಎಲ್ಲ ಒಟ್ಟಿಗೆ ಕೂತು ತೇರ್ಸ ಮಾಡ್ತಾರೆ, ಒಟ್ಟಿಗೆ ಊಟ ಮಾಡ್ತಾರೆ, ಒಬ್ಬರ ಮುಖ ಒಬ್ಬರು ನೋಡ್ತಾರೆ" ಎಂದಳು ಲವೀನಾ. ತೇರ್ಸ ಎಂದರೆ ನಮ್ಮವರ ಸಂಜೆಯ ಜಪಮಾಲೆ ಪ್ರಾರ್ಥನೆ. ಅವಳು ಹೇಳುತ್ತಿದ್ದದ್ದು ಅವಳ ಬಾಲ್ಯದ ಮಂಗಳೂರು. ನಾನು ಅದನ್ನು ತಿದ್ದುವ ಬದಲು, ಗಾಳಿ ಬಂದ ಕಡೆ ತೂರಿ, "ನಾನೂ ಚಿಮಣಿ ದೀಪದಲ್ಲಿ ಓದಿದವನು" ಎಂದುಬಿಟ್ಟೆ. ಯಾಕೆ ಹಾಗೆಂದೆ ಎಂದು ಇವತ್ತಿಗೂ ಗೊತ್ತಿಲ್ಲ. ಹೇಳುವಾಗ ನನ್ನ ಕಣ್ಣ ಮುಂದೆ ದೀಪ ಸ್ಪಷ್ಟವಾಗಿ ಕಂಡಿತ್ತು, ಅದರ ಗಾಜಿಗೆ ಹಿಡಿದ ಮಸಿಯ ಸಮೇತ.

ರೀವಾ ಈಗ ತಲೆ ಎತ್ತಿದಳು. ನಮ್ಮ ಮಾತಿಗೆ ಅವಳ ಉತ್ತರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡದಲ್ಲಿ ಬಂದರೆ ವಿಷಯ ಗಂಭೀರ ಎಂದು ತಿಳಿಯಬೇಕು.

"ಊರು ನಿಮ್ಮದು ಪಪ್ಪಾ. ನನ್ನ ಊರು ನೈಫ್. ಸಿಂಪಲ್ ಆಗ್ಲಿಕ್ಕೆ ಅಲ್ಲಿಗೆ ಯಾಕೆ ಹೋಗ್ಬೇಕು? ಇಲ್ಲೇ ಆಗುವ."

"ಇಲ್ಲಿ ಆಗುದಿಲ್ಲ" ಎಂದಳು ಲವೀನಾ.

"ಬೆಟ್?"

ಹೀಗೆ ಒಪ್ಪಂದವಾಯಿತು. ಹದಿನಾಲ್ಕು ದಿನ ನಾವು ಮೂವರೂ ಪುಸ್ತಕದಲ್ಲಿದ್ದ ಹಾಗೆ ಬದುಕುವುದು. ಆ ವರ್ಷ ಈಸ್ಟರಿಗೆ ಮುಂಚೆ ಮಾಂಸ ಬಿಡುವ ನಮ್ಮ ತಪಸ್ಸು ಕಾಲವೂ ಹಮೀದಾಕನ ರಂಜಾನ್ ಉಪವಾಸವೂ ಒಟ್ಟೊಟ್ಟಿಗೆ ಬಂದಿದ್ದವು. ಏನಾದರೂ ಬಿಡಲು ಒಳ್ಳೆಯ ಹೊತ್ತು. ಗೆದ್ದರೆ ರೀವಾ ದುಬೈಯಲ್ಲೇ. ಮೂವರಲ್ಲಿ ಯಾರೇ ಒಬ್ಬರು ನಿಯಮ ಮುರಿದರೂ ಜೂನ್‌ನಲ್ಲಿ ರೀವಾ ಮಂಗಳೂರಿಗೆ. ರೀವಾ ಚಾರ್ಟ್ ಪೇಪರಿನಲ್ಲಿ ನಿಯಮ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು. ಪುಸ್ತಕದಲ್ಲಿ ನಿಯಮ ನೋಡಿಕೊಳ್ಳುವವನನ್ನು ಬಿಷಪ್ ಎನ್ನುತ್ತಾರಂತೆ. ನಮ್ಮ ಬಿಷಪ್ಪಳ ಹಲ್ಲಿಗೆ ಆಗ ಕ್ಲಿಪ್ ಹಾಕಿತ್ತು.

ಅಮೆರಿಕದ ಗದ್ದೆಗೆಂದು ಮಾಡಿದ ನಿಯಮವನ್ನು ನೈಫ್‌ನ ಏಳನೇ ಮಹಡಿಗೆ ಹೊಂದಿಸುವುದು ಸುಲಭವಲ್ಲ. ಮೊದಲ ತಕರಾರು ಲಿಫ್ಟಿನದ್ದು. ಲಿಫ್ಟು ಕರೆಂಟಿನದ್ದು ಎಂದಳು ಲವೀನಾ. ಕರೆಂಟಿನದ್ದೇ, ಆದರೆ ಕಟ್ಟಡದವರದ್ದು, ಎಂದೆ ನಾನು. ಆ ಜನ ಇತರರ ಕಾರಿನಲ್ಲಿ ಕೂರಬಹುದು, ತಾವು ಓಡಿಸಬಾರದು ಅಷ್ಟೇ, ಲಿಫ್ಟೂ ಹಾಗೆಯೇ. ಬಿಷಪ್ ಯೋಚಿಸಿ ತೀರ್ಪು ಕೊಟ್ಟಳು: ಲಿಫ್ಟಿನಲ್ಲಿ ಹೋಗಬಹುದು, ಬಟನ್ ನಾವು ಒತ್ತಬಾರದು. ಹದಿನಾಲ್ಕು ದಿನವೂ ನಾನು ನೆಲಮಹಡಿಯಲ್ಲಿ ಯಾರಾದರೂ ಏಳನೆಯ ಮಹಡಿಯವರು ಬರಲಿ ಎಂದು ಕಾದು ನಿಂತೆ. ಎರಡು ಸಲ ಐದರಲ್ಲಿ ಇಳಿದು ಮೆಟ್ಟಿಲು ಹತ್ತಿದೆ. ಒಂದು ಸಲ ಹನ್ನೊಂದಕ್ಕೆ ಹೋಗಿ ಮೆಟ್ಟಿಲು ಇಳಿದೆ.

ಎ.ಸಿ. ಸೆಂಟ್ರಲ್ ಆದದ್ದರಿಂದ ಅದನ್ನು ಆರಿಸುವ ದಾರಿಯೇ ಇರಲಿಲ್ಲ. ಫ್ರಿಜ್ಜಿಗೆ ಮೀನಿನ ದೆಸೆಯಿಂದ ಕ್ಷಮೆ ಸಿಕ್ಕಿತು. ಕಾರಿಗೆ ಸಿಗಲಿಲ್ಲ. ಆರನೇ ಟೆಸ್ಟಿನಲ್ಲಿ ಪಾಸಾಗಿ ಪಡೆದ ನನ್ನ ಲೈಸೆನ್ಸು ಡ್ರಾಯರ್ ಸೇರಿತು, ಕಾರು ಕೆಳಗೆ ಧೂಳು ಹೊದ್ದು ಮಲಗಿತು. ನನ್ನ ಶೋರೂಮೂ ರಾಸ್ ಅಲ್ ಖೋರ್ ಕಡೆಗೇ ಇದ್ದದ್ದರಿಂದ ಹಮೀದಾಕನ ಪಿಕಪ್ಪಿನಲ್ಲಿ ಹೋಗತೊಡಗಿದೆ, ಎರಡು ಕಾಲುಗಳ ನಡುವೆ ಒಂದು ಹಳೆಯ ಗೇರ್‌ಬಾಕ್ಸ್ ಇಟ್ಟುಕೊಂಡು. ಅಮಿಶ್ ಜನ ಹೊರಗಿನವರನ್ನೆಲ್ಲ ಇಂಗ್ಲಿಷರು ಎನ್ನುತ್ತಾರಂತೆ. ನಮ್ಮ ಇಂಗ್ಲಿಷರು ಉಳ್ಳಾಲದ ಹಮೀದಾಕ.

"ನಾವು ಊಟ ಬಿಟ್ಟಿದ್ದೇವೆ, ನೀವು ಕರೆಂಟ್ ಬಿಟ್ಟಿದ್ದೀರಿ" ಎಂದರು ಅವರು ಗೇರು ಬದಲಿಸುತ್ತ. "ನಮಗಾದ್ರೆ ಸಂಜೆ ಸಿಕ್ತದೆ. ನಿಮ್ಗೆ?"

"ನಮಗೆ ಹದಿನಾಲ್ಕು ದಿನ ಕಳೆದ ಮೇಲೆ."

"ಭಾರೀ ಕಷ್ಟದ ನೋಂಬು ಮಾರಾಯ್ರೆ."

ಇನ್ನು ಫೋನು. ಆ ಜನರಲ್ಲಿ ಕೆಲವರು ಫೋನನ್ನು ಮನೆಯೊಳಗೆ ತರದೆ ಹೊರಗೆ ಒಂದು ಗೂಡಿನಲ್ಲಿ ಇಡುತ್ತಾರೆ, ಅಗತ್ಯ ಬಿದ್ದಾಗ ಹೋಗಿ ಮಾತಾಡುತ್ತಾರೆ. ನಮ್ಮ ಬಾಗಿಲ ಹೊರಗೆ ಕಾರಿಡಾರಿನಲ್ಲಿ ಇದ್ದ ಗೂಡು ಒಂದೇ, ಚಪ್ಪಲಿ ಕಪಾಟು. ನನ್ನ ಫೋನು ನನ್ನ ಎಡಗಾಲಿನ ಶೂ ಒಳಗೆ, ಲವೀನಾಳದ್ದು ಅವಳ ಚರ್ಚಿನ ಶೂ ಒಳಗೆ, ರೀವಾಳದ್ದು ಕ್ಯಾನ್ವಾಸ್ ಶೂ ಒಳಗೆ. ಅಗತ್ಯದ ಮಾತಿದ್ದರೆ ಕಾರಿಡಾರಿನಲ್ಲಿ ನಿಂತುಕೊಂಡು ಹತ್ತು ನಿಮಿಷ. ಬೇರೆ ಏನನ್ನೂ ನೋಡುವ ಹಾಗಿಲ್ಲ, ಯಾವ ಪರದೆಯಲ್ಲೂ.

ಮೊದಲ ಐದು ದಿನ ನಾನು ಆದರ್ಶ ಪುರುಷನಾಗಿದ್ದೆ. ಮೀಸೆ ಬೋಳಿಸಿದೆ, ಗಡ್ಡ ಬಿಟ್ಟೆ. ಇದನ್ನು ಯಾರೂ ಕೇಳಿರಲಿಲ್ಲ, ಉತ್ಸಾಹ ನನ್ನದೇ. ಅದರ ಫಲವಾಗಿ ನೈಫ್‌ನ ಓಣಿಗಳಲ್ಲಿ ಅಪರಿಚಿತರು ನನಗೆ ಸಲಾಂ ಹೇಳತೊಡಗಿದರು. ಖರ್ಜೂರದ ಅಂಗಡಿಯವನು ಬೇಡವೆಂದರೂ ಒಂದು ಹಿಡಿ ಕೈಗಿಟ್ಟ. ಅಷ್ಟು ಗೌರವ ನನಗೆ ಮೀಸೆ ಇದ್ದ ನಲವತ್ತೆಂಟು ವರ್ಷಗಳಲ್ಲಿ ಸಿಕ್ಕಿರಲಿಲ್ಲ. (ಮೀಸೆ ಹುಟ್ಟಿನಿಂದಲೇ ಇರಲಿಲ್ಲ, ಎಂದು ಲವೀನಾ ಇಲ್ಲಿ ಒಂದು ಸ್ಕ್ರೂ ಇಡುತ್ತಾಳೆ.)

ಆರನೆಯ ದಿನ ನಾನು ಬಿದ್ದೆ.

ಶೋರೂಮಿನಲ್ಲಿ ಗಿರಾಕಿಗಳಿಗೆ ದೀಪದ ಚಿತ್ರ ತೋರಿಸಲು ಒಂದು ಟ್ಯಾಬ್ ಇದೆ. ಮಧ್ಯಾಹ್ನ ಅಂಗಡಿ ಖಾಲಿ. ತಲೆಯ ಮೇಲೆ ಇನ್ನೂರು ತೂಗುದೀಪ ಝಗಝಗ ಉರಿಯುತ್ತಿವೆ, ಕೆಳಗೆ ಒಬ್ಬ ಅಮಿಶ್. ಮಲ್ಪೆಯ ಯಾವನೋ ಒಬ್ಬ ಬಂಡೆಯ ಮೇಲೆ ಕುಳಿತು ಗಾಳ ಹಾಕುವ ವಿಡಿಯೋ ಒಂದಿದೆ, ಇಪ್ಪತ್ತೆರಡು ನಿಮಿಷ. ಅವನಿಗೆ ಮೀನು ಸಿಗುವುದಿಲ್ಲ. ಸಿಗುವುದಿಲ್ಲವೆಂದು ಗೊತ್ತಿದ್ದೂ ಹಿಂದೆ ಅದನ್ನು ಮೂರು ಸಲ ನೋಡಿದ್ದೆ. ಅಂದು ನಾಲ್ಕನೆಯ ಸಲ ಪೂರ್ತಿ ನೋಡಿದೆ. ಮಗಳ ಮುಂದಿನ ಐದು ವರ್ಷವನ್ನು ನಾನು ಇಂಥ ಒಂದು ಸಿಗದ ಮೀನಿಗೆ ಅಡವಿಟ್ಟೆ. ಸಂಜೆ ಮನೆಗೆ ಬಂದಾಗ ರೀವಾ ಚಾರ್ಟಿನಲ್ಲಿ ನನ್ನ ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿದಳು. ನಾನು ಬೇಡವೆನ್ನಲಿಲ್ಲ.

ಒಂಬತ್ತನೆಯ ದಿನ ಸಂಜೆ ಏಳಕ್ಕೆ ಮೇಣದ ಬತ್ತಿಯ ಪ್ರಕರಣ. ಅಲ್ಲಿಯವರೆಗೆ ಬಾಲ್ಕನಿಯಿಂದ ಬರುವ ಎದುರಿನ ಹೋಟೆಲಿನ ಬೋರ್ಡಿನ ಬೆಳಕಿನಲ್ಲಿ ನಮ್ಮ ಊಟ ನಡೆಯುತ್ತಿತ್ತು. ಗಂಜಿ ಒಮ್ಮೆ ಕೆಂಪಗೆ, ಒಮ್ಮೆ ಹಸಿರು. ಅಂದು ಬೋರ್ಡು ಕೆಟ್ಟಿತ್ತು. ಚರ್ಚಿನಿಂದ ತಂದಿದ್ದ ದಪ್ಪ ಮೇಣದ ಬತ್ತಿಗಳನ್ನು ಲವೀನಾ ಹಚ್ಚಿದಳು, ನಾನು ಅವುಗಳನ್ನು ಕಪಾಟಿನ ಮೇಲೆ, ಎತ್ತರದಲ್ಲಿ ಸಾಲಾಗಿ ಇಟ್ಟೆ. (ಹಚ್ಚಿದ್ದೂ ನಾನೇ ಅಂತೆ.) ಸರಿಯಾಗಿ ಅದರ ಮೇಲೆ ಹೊಗೆ ಪತ್ತೆ ಮಾಡುವ ಯಂತ್ರ ಇತ್ತು.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಹದಿನಾಲ್ಕು ಮಹಡಿಯ ಜನ ಮೆಟ್ಟಿಲಿಳಿದು ಬೀದಿಗೆ ಬಂದರು. ಲುಂಗಿಯವರು, ನೈಟಿಯವರು, ತಲೆಗೆ ಮೆಹಂದಿ ಮೆತ್ತಿಕೊಂಡವರು, ಬಾಯಲ್ಲಿ ಅರ್ಧ ಸಮೋಸಾ ಇದ್ದವರು. ನಾವು ಕೊನೆಯಲ್ಲಿ ಬಂದೆವು: ತಲೆಗೆ ಬಿಳಿ ಬಟ್ಟೆ ಕಟ್ಟಿದ ಲವೀನಾ, ಅವಳ ಹಿಂದೆ ರೀವಾ, ಮೀಸೆಯಿಲ್ಲದ ಗಡ್ಡದ ನಾನು, ನನ್ನ ಕೈಯಲ್ಲಿ ಆರಿಸಲು ಮರೆತ ಒಂದು ಮೇಣದ ಬತ್ತಿ.

ನಮ್ಮ ಕಟ್ಟಡದ ಕಾವಲುಗಾರನನ್ನು ಇಲ್ಲಿ ಎಲ್ಲರೂ ನಾತೂರ್ ಎನ್ನುತ್ತಾರೆ. ಅವನು ಬತ್ತಿಯನ್ನು ನೋಡಿದ, ನನ್ನನ್ನು ನೋಡಿದ. "ಕ್ಯಾ ಹುವಾ ಭಾಯಿ? ಬಿಜಲೀ ಕಟ್ ಗಯೀ?"

ಅಮಿಶ್ ಎಂದರೆ ಯಾರು, ರೀವಾ, ಜೂನ್, ಚಾರ್ಟ್ ಪೇಪರು, ಇದೆಲ್ಲವನ್ನೂ ಹಿಂದಿಯಲ್ಲಿ ಹೇಗೆ ಹೇಳುವುದು? ನನ್ನ ಹಿಂದಿಯಲ್ಲಿ ತೂಗುದೀಪ ಮಾರಲು ಬೇಕಾದಷ್ಟೇ ಪದಗಳಿವೆ. ನಾನು "ಹಾಂ" ಎಂದೆ.

ಆ ಒಂದು "ಹಾಂ" ಮಾಡಿದ ಕೆಲಸ ಕೇಳಿ. ದುಬೈಯಲ್ಲಿ ಕರೆಂಟು ಸುಮ್ಮನೆ ಹೋಗುವುದಿಲ್ಲ. ಒಂದೇ ಮನೆಯ ಕರೆಂಟು ಹೋಗಿದೆ ಎಂದರೆ ಬಿಲ್ಲು ಕಟ್ಟಿಲ್ಲ, ಆ ಮನೆಯವನ ಕೆಲಸ ಹೋಗಿದೆ ಎಂದು ಅರ್ಥ. ಮೇಲೆ ಬೇಕಾದಷ್ಟು ಸಾಕ್ಷಿ: ಕಾರು ಧೂಳು ಹಿಡಿದಿದೆ, ಮನುಷ್ಯ ಗಡ್ಡ ಬಿಟ್ಟಿದ್ದಾನೆ, ಮನೆಯಲ್ಲಿ ಗಂಜಿ, ಫೋನು ಎತ್ತುವುದಿಲ್ಲ, ಲಿಫ್ಟಿನ ಮುಂದೆ ಸುಮ್ಮನೆ ಅರ್ಧ ಗಂಟೆ ನಿಂತಿರುತ್ತಾನೆ. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ಸರಳ ಜೀವನ ಎನ್ನುತ್ತಾರೆ. ಗಲ್ಫಿನಲ್ಲಿ ವೀಸಾ ಕ್ಯಾನ್ಸಲ್ ಎನ್ನುತ್ತಾರೆ.

ಮರುದಿನ ಬಾಗಿಲ ಮುಂದೆ ಒಂದು ಚೀಲ ಕುಚ್ಚಲಕ್ಕಿ ಇತ್ತು. ಅದರ ಮರುದಿನ ಯಾರೋ ಇಟ್ಟುಹೋದ, ಸಾನ್ನ ಎಂಬ ನಮ್ಮ ಕಡೆಯ ಇಡ್ಲಿ ಮತ್ತು ಎರಡು ಡಬ್ಬಿ ಸಾರು. ಚರ್ಚಿನ ಹಾಡುಗಾರರ ಗುಂಪಿನ ಹಿರಿಯರೊಬ್ಬರು ಬಂದು, ಕತ್ತಲೆಯಲ್ಲಿ ನನ್ನ ಕೈ ಎಂದುಕೊಂಡು ರೀವಾಳ ಕೈ ಹಿಡಿದು, "ಹೆದರ್ಬೇಡ, ಸಿ.ವಿ. ಕಳಿಸು" ಎಂದರು. ನನಗೆ ಕೆಲಸ ಇದೆ ಎಂದೆ. "ಹೌದು, ಹೌದು, ಎಲ್ಲರೂ ಹಾಗೇ ಹೇಳುದು" ಎಂದು ಬೆನ್ನು ತಟ್ಟಿದರು. ಆ ಬೆನ್ನು ಲವೀನಾಳದ್ದು.

ಸುದ್ದಿ ಮಂಗಳೂರಿಗೆ ಮುಟ್ಟದಿದ್ದರೆ ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತೋ ಏನೋ. ಹದಿಮೂರನೆಯ ದಿನ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಶೂ ರಿಂಗಾಯಿತು. ಕಾರಿಡಾರಿನಲ್ಲಿದ್ದ ಹಮೀದಾಕ, ಅದು ಬಹಳ ಹೊತ್ತು ಅರಚಿದ್ದರಿಂದ, ಎತ್ತಿದರು. ಮಂಗಳೂರಿನಿಂದ ಜೂಲಿಯೆಟ್ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅವಳ ಪ್ರಶ್ನೆಗೆ ಸುತ್ತುಬಳಸಿ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ. ಹಮೀದಾಕನಂತೂ ಉಪವಾಸದಲ್ಲಿ ಸುಳ್ಳು ಹೇಳುವವರಲ್ಲ. ಆ ಸಂಭಾಷಣೆಯನ್ನು ಪಿಕಪ್ಪಿನಲ್ಲಿ ಅವರೇ ನನಗೆ ಒಪ್ಪಿಸಿದರು.

"ಫೆಲಿಕ್ಸ್ ಎಲ್ಲಿ?"

"ಒಳಗಿದ್ದಾರೆ ಅಕ್ಕ. ಫೋನು ಚಪ್ಪಲಿ ಕಪಾಟಿನಲ್ಲಿ ಇತ್ತು."

"ಮನೆಯಲ್ಲಿ ಕರೆಂಟ್ ಇಲ್ಲ ಅಂತ ಕೇಳಿದೆ. ನಿಜವಾ?"

"ಕತ್ತಲೆಯಲ್ಲೇ ಕೂರುದು ಅಕ್ಕ, ನಿಜ."

"ಕೆಲಸಕ್ಕೆ ಹೋಗ್ತಾನಾ?"

"ದಿನಾ ನನ್ನ ಪಿಕಪ್ಪಿನಲ್ಲೇ ಬರುದಲ್ವಾ? ಗೇರ್‌ಬಾಕ್ಸ್ ಹಿಡ್ಕೊಂಡು."

ಹಮೀದಾಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜೂಲಿಯೆಟ್ ಅಕ್ಕ ಅದನ್ನೆಲ್ಲ ಕೂಡಿಸಿದಳು. ತನ್ನ ತಮ್ಮ ಈಗ ಗುಜರಿ ಅಂಗಡಿಯಲ್ಲಿ ಗೇರ್‌ಬಾಕ್ಸ್ ಹೊರುತ್ತಿದ್ದಾನೆ ಎಂದು ಉತ್ತರ ಬಂತು. "ಜೂನ್‌ವರೆಗೆ ಕಾಯುದು ಬೇಡ. ನಾನೇ ಈ ವಾರ ಬಂದು ಮಗುವನ್ನು ಕರ್ಕೊಂಡು ಹೋಗ್ತೇನೆ ಅಂತ ಅವನಿಗೆ ಹೇಳಿ" ಎಂದು ಫೋನು ಇಟ್ಟಳು.

ಸಂಜೆ ಇದನ್ನು ಕೇಳಿ ರೀವಾಳ ಮುಖ ಬಿಳಚಿಕೊಂಡಿತು. ಒಂದೇ ಒಂದು ದಿನ ಬಾಕಿ ಇತ್ತು. ಹದಿಮೂರು ದಿನ ಅವಳು ಚಾರ್ಟಿನ ಒಂದು ಸಾಲನ್ನೂ ಮೀರಿರಲಿಲ್ಲ. ಸ್ಕೂಲಿನಲ್ಲಿ ಗೆಳತಿಯರು ಫೋನು ಚಾಚಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಅಕ್ಕ ನನ್ನ ಮುಖ ನೋಡದೆ ನಂಬುವವಳಲ್ಲ. ವಿಡಿಯೋ ಕಾಲ್ ಮಾಡಿದರೆ ನಿಯಮ ಮುರಿಯುತ್ತದೆ, ಮಾಡದಿದ್ದರೆ ಅಕ್ಕ ವಿಮಾನ ಹತ್ತುತ್ತಾಳೆ.

"ಇಂಗ್ಲಿಷರ ಫೋನ್" ಎಂದಳು ರೀವಾ ತಟ್ಟನೆ. "ಮಮ್ಮಿ, ಬುಕ್ಕಿನಲ್ಲಿ ಡಾಕ್ಟರನ್ನು ಕರೀಲಿಕ್ಕೆ ಪಕ್ಕದ ಇಂಗ್ಲಿಷರ ಮನೆಗೆ ಓಡ್ತಾರಲ್ವಾ? ಅವರ ಮನೆ, ಅವರ ಫೋನ್. ನಾವು ಮುಟ್ಟುದು ಬೇಡ."

ಬಿಷಪ್ ಅಪ್ಪಣೆ ಕೊಟ್ಟ ಮೇಲೆ ನಾವು ಮೂವರೂ ಎದುರು ಮನೆಗೆ ಓಡಿದೆವು. ಅಲ್ಲಿ ಆಗಷ್ಟೇ ಇಫ್ತಾರ್. ಹಮೀದಾಕ ನಮ್ಮನ್ನು ನೆಲದ ಮೇಲೆ ಹಾಸಿದ ಊಟದ ಹಾಸು, ಸುಪ್ರದ ಮುಂದೆ ಕೂರಿಸಿ, ಮೊದಲು ತಿನ್ನಿ ಎಂದು ತಟ್ಟೆ ದೂಡಿ, ಫೋನನ್ನು ಶರಬತ್ತಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದರು. ಅಕ್ಕನ ಮುಖ ಬಂತು. ಅವಳಿಗೆ ನಾನು ಕಂಡದ್ದು ಹೀಗೆ: ಬೇರೆಯವರ ಮನೆ, ನೆಲ, ಗಡ್ಡ, ಕೈಯಲ್ಲಿ ಅರ್ಧ ಕಚ್ಚಿದ ಚಿಕನ್ ಸಮೋಸಾ.

"ಫೆಲಿ, ನಿನ್ನ ಮೀಸೆ ಎಲ್ಲಿ?"

"ಅಕ್ಕ, ಅದು..."

"ತಪಸ್ಸು ಕಾಲದಲ್ಲಿ ಚಿಕನ್ನಾ?"

ಹಮೀದಾಕ ಜಗ್ಗಿನ ಕಡೆಗೆ ಬಾಗಿದರು. "ಅಕ್ಕ, ಗಾಬರಿ ಬೇಡ. ಪೊರ್ಬುಗಳು ನಮ್ಮ ಕಡೆಗೂ ಬರ್ಲಿಲ್ಲ, ನಿಮ್ಮ ಕಡೆಯೂ ಇಲ್ಲ. ಎಂತದೋ ಅಮೆರಿಕದವರ ಕಡೆ ಹೋಗಿದ್ದಾರೆ. ನಾಳೆ ಮುಗೀತದೆ. ಕೆಲಸ ಉಂಟು, ಕರೆಂಟೂ ಉಂಟು. ಹಾಕುದಿಲ್ಲ, ಅಷ್ಟೇ."

ಹದಿನಾಲ್ಕು ದಿನದ ಕಥೆಯನ್ನು ರೀವಾ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಚಿಮಣಿ ದೀಪದಲ್ಲಿ ಓದಿದ್ದನ್ನೂ ಸೇರಿಸಿ. ಅಲ್ಲಿಯವರೆಗೆ ಗಂಭೀರವಾಗಿದ್ದ ಅಕ್ಕ ನಗಲು ಶುರು ಮಾಡಿದಳು.

"ಚಿಮಣಿಯಾ? ಇವನು ಹುಟ್ಟುವ ಮೊದಲೇ ಮನೆಗೆ ಟ್ಯೂಬ್‌ಲೈಟ್ ಬಂದಿತ್ತು. ಇವನು ಓದಿದ್ದೇ ಯಾವಾಗ? ಟ್ಯೂಬ್‌ಲೈಟಿಗೆ ಬರುವ ಹುಳ ಲೆಕ್ಕ ಮಾಡ್ತಾ ಕೂತಿರ್ತಿದ್ದ."

ನನ್ನ ಕಣ್ಣ ಮುಂದಿನ ದೀಪ ಆರಿತು. ಮಸಿ ಮಾತ್ರ ಇನ್ನೂ ಇದೆ. ಅದು ಎಲ್ಲಿಯದೋ ಗೊತ್ತಿಲ್ಲ.

ಅಷ್ಟರಲ್ಲಿ ಲವೀನಾ ಪರದೆಗೆ ಹತ್ತಿರ ಬಂದಿದ್ದಳು. ಅವಳು ನೋಡುತ್ತಿದ್ದದ್ದು ಅಕ್ಕನನ್ನಲ್ಲ, ಅಕ್ಕನ ಹಿಂದಿನ ಮನೆಯನ್ನು. ಅಲ್ಲಿ ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಧಾರಾವಾಹಿಯ ಅತ್ತೆಯೊಬ್ಬಳು ಕಿರುಚುತ್ತಿದ್ದಳು. ಭಾವ ಕಿವಿಗೆ ಏನೋ ಸಿಕ್ಕಿಸಿಕೊಂಡು ಫೋನಿನಲ್ಲಿ ಬೇರೇನೋ ನೋಡಿ ಒಬ್ಬರೇ ನಗುತ್ತಿದ್ದರು. ಅಕ್ಕನ ಇಬ್ಬರು ಗಂಡುಮಕ್ಕಳು ಒಂದೇ ಸೋಫಾದ ಎರಡು ತುದಿಯಲ್ಲಿ ಎರಡು ಫೋನಿನೊಳಗೆ ಇದ್ದರು.

"ತೇರ್ಸ ಆಯ್ತಾ ಅಕ್ಕ?" ಎಂದಳು ಲವೀನಾ ಮೆಲ್ಲಗೆ.

"ಆಯ್ತು, ಯೂಟ್ಯೂಬಿನಲ್ಲಿ ಹಾಕ್ತೇವೆ. ಅದು ಹೇಳ್ತಾ ಇರ್ತದೆ, ನಾನು ಅಡುಗೆ ಮಾಡ್ತೇನೆ. ಹೋಗ್ಲಿ, ರೀವಾ ಜೂನ್‌ನಲ್ಲಿ ಬರ್ಲಿ. ಅವಳ ಕೋಣೆಗೆ ಬೇರೆಯೇ ವೈಫೈ ಹಾಕಿಸಿದ್ದೇನೆ. ಇಲ್ಲದಿದ್ರೆ ಈ ಹುಡುಗರ ಆಟದಲ್ಲಿ ಅವಳಿಗೆ ಸ್ಪೀಡೇ ಸಿಕ್ಲಿಕ್ಕಿಲ್ಲ."

ಲವೀನಾ ಒಂದು ಸಮೋಸಾ ತೆಗೆದುಕೊಂಡಳು. ತಪಸ್ಸು ಕಾಲವೆಂದು ಅವಳಿಗೂ ಗೊತ್ತಿತ್ತು.

ಹದಿನಾಲ್ಕನೆಯ ದಿನ ಸಂಜೆ ಬಿಷಪ್ ನಮ್ಮನ್ನು ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ಚಾರ್ಟಿನ ತುಂಬ ಹಸಿರು ಟಿಕ್. ಪುಸ್ತಕದಲ್ಲಿ, ತಪ್ಪು ಮಾಡಿದವರು ಎಲ್ಲರ ಮುಂದೆ ಎದ್ದು ನಿಂತು ಒಪ್ಪಿಕೊಳ್ಳುತ್ತಾರೆ. "ಯಾರಾದ್ರೂ ಉಂಟಾ?" ಎಂದಳು, ಪೆನ್ನಿನ ಮುಚ್ಚಳ ತೆಗೆಯುತ್ತ.

ನಾನು ಸುಮ್ಮನಿರುವುದೆಂದು ನಿರ್ಧರಿಸಿಯೇ ಬಂದಿದ್ದೆ. ಎದ್ದರೆ ಮಗಳು ಹೋಗುತ್ತಾಳೆ, ಕುಳಿತರೆ ಉಳಿಯುತ್ತಾಳೆ. ತಂದೆಯಾದವನು ಕೂರಬೇಕು. ಕೂರುವುದೇ ಪ್ರೀತಿ. ಇಷ್ಟೆಲ್ಲ ಯೋಚಿಸಿ ಪಕ್ಕಕ್ಕೆ ನೋಡಿದರೆ ಲವೀನಾ ಎದ್ದು ನಿಂತಿದ್ದಳು.

ಅವಳ ಪಾಪ ಇದು: ಪೆಟ್ಟಿಗೆಯಲ್ಲಿ ಒಂದು ಸರಣಿಯ ಕೊನೆಯ ಪುಸ್ತಕ ಇರಲಿಲ್ಲ. ಅದರ ಹುಡುಗಿ ಕೊನೆಗೆ ಫೋನನ್ನು ಬಾವಿಗೆ ಎಸೆಯುತ್ತಾಳೋ ಇಲ್ಲವೋ ತಿಳಿಯದೆ ಲವೀನಾಳಿಗೆ ಇರಲಾಗಲಿಲ್ಲ. ಎಂಟನೆಯ ದಿನದಿಂದ, ಕಸ ಹಾಕಿ ಬರುತ್ತೇನೆಂದು ಹೋಗಿ, ಚಪ್ಪಲಿ ಕಪಾಟಿನ ಪಕ್ಕ ನಿಂತು, ಆ ಪುಸ್ತಕವನ್ನು ಫೋನಿನಲ್ಲೇ ತರಿಸಿಕೊಂಡು ಓದಿದ್ದಳು. ನಮ್ಮ ಮನೆಯಿಂದ ಆ ವಾರ ಅಷ್ಟೊಂದು ಕಸ ಹೇಗೆ ಹೊರಟಿತು ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು.

"ಎಸೆದಳಾ?" ಎಂದು ಕೇಳಿದೆ.

"ಎಸೆದಳು" ಎಂದಳು ಲವೀನಾ, ಕಣ್ಣೊರೆಸಿಕೊಂಡು.

ಅವಳು ನಿಂತು ನಾನು ಕುಳಿತಿರುವುದು ಚೆನ್ನಾಗಿ ಕಾಣಲಿಲ್ಲ. ನಾನೂ ಎದ್ದು ಮಲ್ಪೆಯ ಮೀನಿನ ವಿಷಯ ಹೇಳಿದೆ. (ಲವೀನಾಳ ಪ್ರಕಾರ ಮೊದಲು ಎದ್ದವನು ನಾನು, ಅವಳು ಎದ್ದದ್ದು ನೀರು ಕುಡಿಯಲು, ನನ್ನನ್ನು ನೋಡಿ ಬಾಯಿ ಬಿಟ್ಟದ್ದು. ಎರಡೂ ನಿಜವಿರಬಹುದು. ನಮ್ಮ ಮನೆ ಚಿಕ್ಕದು, ಏಳುವುದಕ್ಕೆ ಜಾಗ ಕಡಿಮೆ.)

ರೀವಾ ಒಬ್ಬಳೇ ಕುಳಿತಿದ್ದಳು. ನಿಯಮದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: ಯಾರೇ ಮುರಿದರೂ ರೀವಾ ಹೋಗತಕ್ಕದ್ದು. ಸೆಂಟ್ರಲ್ ಎ.ಸಿ. ತನ್ನ ಪಾಡಿಗೆ ಗೊಣಗುತ್ತಿತ್ತು.

"ಮುರಿದದ್ದು ನೀವಿಬ್ರು. ಹೋಗುದು ನಾನು" ಎಂದಳು, ಕನ್ನಡದಲ್ಲಿ. "ಈ ಲೈನ್ ಬರೆಯಲಿಕ್ಕೆ ಹೇಳಿದ್ದು ಯಾರು?"

"ಪಪ್ಪಾ" ಎಂದಳು ಲವೀನಾ ತಕ್ಷಣ.

"ಆಫ್ ಕೋರ್ಸ್" ಎಂದಳು ರೀವಾ. ಪೆನ್ನನ್ನು ತಾಯಿಯ ಕಡೆಗೆ ಚಾಚಿದಳು. "ನಾನು ಹೋಗ್ತೇನೆ ಮಮ್ಮಿ, ರೂಲ್ ಈಸ್ ರೂಲ್. ಆದ್ರೆ ಆಮೇಲೆ ನಿಮ್ಮಿಬ್ಬರನ್ನು ನೋಡ್ಕೊಳ್ಳುದು ಯಾರು?"

ಲವೀನಾ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದಳು. ಒಮ್ಮೆಯಲ್ಲ, ಹಸಿರು ಶಾಯಿ ಕಾಗದದಾಚೆ ಫ್ರಿಜ್ಜಿಗೆ ಹತ್ತುವವರೆಗೆ. ಆ ಗೀಟು ಈಗಲೂ ಫ್ರಿಜ್ಜಿನ ಮೇಲಿದೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದರ ಕೆಳಗೆ ರೀವಾ ಹೊಸ ಸಾಲು ಬರೆದಳು: ಊಟದ ಹೊತ್ತಿಗೆ, ಎಲ್ಲೇ ಇದ್ದರೂ, ಎಲ್ಲರ ಫೋನೂ ಶೂ ಒಳಗೆ, ಊಟ ಮುಗಿಯುವವರೆಗೆ ಮುಟ್ಟುವಂತಿಲ್ಲ. ಅಷ್ಟು ಮಾಡಿ ಲೈಟು ಹಾಕಿದಳು. ನಾವು ಮೂವರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದೆವು. ನನ್ನ ಗಡ್ಡದಲ್ಲಿ ಇಷ್ಟೊಂದು ಬಿಳಿ ಇದೆ ಎಂದು ಯಾರೂ ಹೇಳಿರಲಿಲ್ಲ.

ಇದಾಗಿ ಎರಡು ವರ್ಷ. ರೀವಾ ನೈಫ್‌ನಲ್ಲೇ ಇದ್ದಾಳೆ, ಹಲ್ಲಿನ ಕ್ಲಿಪ್ ಹೋಗಿದೆ, ಬಿಷಪ್ ಪದವಿ ಹೋಗಿಲ್ಲ. ಕಳೆದ ಶನಿವಾರ ಪರೀಕ್ಷೆಗೆ ಓದಲೆಂದು ಅವಳು ಮನೆಯಲ್ಲೇ ಉಳಿದಿದ್ದಳು. ಎಲೆಕ್ಟ್ರಾ ಸ್ಟ್ರೀಟಿನ ಗೆಳೆಯನ ಮನೆಯಲ್ಲಿ ಊಟ ಸರಿಯಾಗಿ ಎರಡು ಗಂಟೆಗೆ ಎಂದು ಅವಳಿಗೆ ಗೊತ್ತಿತ್ತು. ಎರಡೂ ಹತ್ತಕ್ಕೆ ಶೂ ರಿಂಗಾಯಿತು. ಪಕ್ಕದಲ್ಲಿ ಕುಳಿತಿದ್ದ ಲವೀನಾ ನನ್ನ ಮೊಣಕೈ ಹಿಡಿದು "ಬೇಡ" ಎಂದಳು. ಮಗಳ ಹೆಸರು ಪರದೆಯಲ್ಲಿ ಕಂಡ ಮೇಲೆ ಯಾವ ತಂದೆ ಸುಮ್ಮನಿರುತ್ತಾನೆ? ನಾನು ಎತ್ತಿದೆ.

"ಏನು ಮಗಾ? ಏನಾಯ್ತು?"

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು.

"ಏನೂ ಆಗ್ಲಿಲ್ಲ ಪಪ್ಪಾ" ಎಂದಳು ರೀವಾ. "ಎತ್ತುತ್ತೀರಾ ಇಲ್ವಾ ಅಂತ ನೋಡಿದ್ದು."